ಹಾಸಿಗೆ ಬೆಚ್ಚಗಿಡಲು ಏನು ಕೊಳ್ಳಬೇಕು? ಕೆಂಡದ ಬಾಣಲೆಯಿಂದ ರಬ್ಬರ್ ಚೀಲದವರೆಗೆ

ಹಾಸಿಗೆ ಕಾಯಿಸುವುದು ಒಂದು ಕೆಲಸ. ಹಾಸಿಗೆಯಲ್ಲಿ ಮಲಗಿದವರ ಮೈ ಕಾಯಿಸುವುದು ಇನ್ನೊಂದು ಕೆಲಸ. ಅಂಗಡಿಯವರು ಎರಡಕ್ಕೂ ಬೇಕಾದದ್ದನ್ನು ಒಂದೇ ಕಪಾಟಿನಲ್ಲಿ ಇಟ್ಟಿರುತ್ತಾರೆ. ಆನ್‌ಲೈನಿನಲ್ಲಂತೂ ಒಂದು ಸಲ ಹುಡುಕಿದರೆ ರಬ್ಬರ್ ಚೀಲ, ಕರೆಂಟಿನ ಚೀಲ, ಎಲೆಕ್ಟ್ರಿಕ್ ಬ್ಲಾಂಕೆಟ್, ಜೆಲ್ ಪ್ಯಾಕ್ ಎಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ. ಯಾವುದಕ್ಕೆ ಸ್ಟಾರ್ ಜಾಸ್ತಿ ಇದೆಯೋ ಅದನ್ನು ಆರ್ಡರ್ ಮಾಡಿ ಮುಗಿಸುತ್ತೇವೆ.

ಆದರೆ ಮನೆಗಳಲ್ಲಿ ಇವು ಬಳಕೆಗೆ ಬಂದ ಕಥೆಯನ್ನು ಸ್ವಲ್ಪ ನೋಡಿದರೆ ಆಯ್ಕೆ ಸುಲಭವಾಗುತ್ತದೆ. ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ನೀವು ಹಾಸಿಗೆಯ ಒಳಗೆ ಹೋಗುವಾಗ ಅದು ಹೊರಗೆ ಬರುತ್ತದೋ, ಇಲ್ಲ ರಾತ್ರಿಯಿಡೀ ನಿಮ್ಮ ಜೊತೆಗೇ ಇರುತ್ತದೋ? ಹೊರಗೆ ಬರಬೇಕಾದದ್ದನ್ನು ಒಳಗೇ ಇಟ್ಟುಕೊಂಡು ಮಲಗುವುದರಿಂದಲೇ ಹೆಚ್ಚಿನ ಅನಾಹುತ ಅನ್ನುವುದು ನನ್ನ ಅಭಿಪ್ರಾಯ. ಕೆಂಡದ ಕಾಲದಲ್ಲೂ ಹಾಗೆ, ಕರೆಂಟಿನ ಕಾಲದಲ್ಲೂ ಹಾಗೆ.

ಉದ್ದ ಹಿಡಿಯ ಕೆಂಡದ ಬಾಣಲೆ

ಇಂಗ್ಲೆಂಡಿನ ಅನುಕೂಲಸ್ಥರ ಮನೆಗಳಲ್ಲಿ 16ರಿಂದ 19ನೇ ಶತಮಾನದವರೆಗೆ ವಾರ್ಮಿಂಗ್ ಪ್ಯಾನ್ ಅನ್ನುವ ಸಾಮಾನು ಇತ್ತು. ಹಿತ್ತಾಳೆಯದೋ ತಾಮ್ರದ್ದೋ ದುಂಡನೆಯ ಬಾಣಲೆ. ಹೆಚ್ಚುಕಡಿಮೆ ಒಂದು ಅಡಿ ಅಗಲ, ಮೂರ್ನಾಲ್ಕು ಇಂಚು ಆಳ. ಮೇಲೆ ಕೀಲು ಹಾಕಿದ ಮುಚ್ಚಳ, ಮುಚ್ಚಳದ ತುಂಬ ಹೂವು ಬಳ್ಳಿಯ ಆಕಾರದಲ್ಲಿ ಕೊರೆದ ತೂತುಗಳು. ಆ ತೂತುಗಳು ಬರೀ ಚೆಂದಕ್ಕಲ್ಲ. ಗಾಳಿ ಸಿಗದಿದ್ದರೆ ಕೆಂಡ ಆರಿಹೋಗುತ್ತದೆ. ಹಿಡಿ ಸುಮಾರು ಒಂದು ಮೀಟರ್ ಉದ್ದ. ಮೊದಮೊದಲು ಹಿಡಿಯೂ ಲೋಹದ್ದೇ ಇರುತ್ತಿತ್ತು, ಆಮೇಲೆ ಕೈ ಸುಡದ ಹಾಗೆ ಕಡೆದ ಮರದ ಹಿಡಿ ಬಂತು. ನಮ್ಮ ಬೀದಿಯ ಇಸ್ತ್ರಿಯವನ ಕೆಂಡದ ಪೆಟ್ಟಿಗೆಗೆ ಪೊರಕೆಯ ಕೋಲು ಸಿಕ್ಕಿಸಿದರೆ ಹೇಗಿರುತ್ತದೆ, ಹಾಗೆ.

ಬಳಸುವ ರೀತಿಯೂ ಇಸ್ತ್ರಿಯದ್ದೇ. ಕೆಲಸದ ಹೆಂಗಸು ಕೆಳಗಿನ ಒಲೆಯಿಂದ ಕೆಂಡ ತುಂಬಿ ಮುಚ್ಚಳ ಹಾಕಿ, ಮೆಟ್ಟಿಲು ಹತ್ತಿ ಮಲಗುವ ಕೋಣೆಗೆ ತರುತ್ತಾಳೆ. ಮೇಲಿನ ಮತ್ತು ಕೆಳಗಿನ ಬೆಡ್‌ಶೀಟಿನ ನಡುವೆ ಬಾಣಲೆ ತೂರಿಸಿ ತಲೆಯಿಂದ ಕಾಲಿನ ಕಡೆಗೆ, ಮತ್ತೆ ಕಾಲಿನಿಂದ ತಲೆಯ ಕಡೆಗೆ ಓಡಾಡಿಸುತ್ತಾಳೆ. ಕೈ ನಿಲ್ಲಿಸುವ ಹಾಗಿಲ್ಲ. ಸ್ವಲ್ಪ ನಿಂತರೆ ಸಾಕು, ಬಿಳಿ ಲಿನನ್ ಬಟ್ಟೆಯ ಮೇಲೆ ಕಂದು ಬಣ್ಣದ ವೃತ್ತ. ಕಾಯಿಸಿ ಆದ ಮೇಲೆ ಬಾಣಲೆ ಹೊರಗೆ, ಯಜಮಾನರು ಒಳಗೆ.

ಇಷ್ಟು ಪಾಡು ಯಾಕೆ ಅಂದರೆ ಕಾರಣ ಬರೀ ಚಳಿಯಲ್ಲ, ತೇವ. ಆ ಮನೆಗಳಲ್ಲಿ ಎಷ್ಟೋ ಮಲಗುವ ಕೋಣೆಗಳಿಗೆ ಒಲೆಯ ಕಾವು ಇರುತ್ತಿರಲಿಲ್ಲ. ತಣ್ಣನೆಯ ಕೋಣೆಯಲ್ಲಿ ಲಿನನ್ ಬಟ್ಟೆ ಗಾಳಿಯ ತೇವವನ್ನು ಹೀರಿಕೊಂಡು ಕೂರುತ್ತದೆ. ಬಾಣಲೆ ಅದನ್ನು ಒಣಗಿಸುತ್ತಿತ್ತು. ಮಳೆಗಾಲದ ಮಲೆನಾಡಿನಲ್ಲಿ ಮಲಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗುಂಬೆಯ ಜುಲೈ ತಿಂಗಳಲ್ಲಿ ಹಾಸಿಗೆ ತಣ್ಣಗಿದೆ ಅನ್ನುವುದಕ್ಕಿಂತ ತಂಡಿ ಹಿಡಿದಿದೆ ಅನ್ನುವುದೇ ಸರಿ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಎಲೆಕ್ಟ್ರಿಕ್ ಬ್ಲಾಂಕೆಟ್ಟಿನ ಹತ್ತಿರ ಬಂದಾಗ ಉಪಯೋಗಕ್ಕೆ ಬರುತ್ತದೆ.

ಈ ಬಾಣಲೆ ಒಂದು ರಾಜವಂಶದ ಕಥೆಯಲ್ಲೂ ಸೇರಿಕೊಂಡಿತು. 1688ರ ಜೂನ್ 10ರಂದು ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯಲ್ಲಿ ಎರಡನೇ ಜೇಮ್ಸ್ ರಾಜನಿಗೆ ಗಂಡುಮಗು ಹುಟ್ಟಿತು. ರಾಜ ಕ್ಯಾಥೊಲಿಕ್, ರಾಣಿ ಮೇರಿ ಆಫ್ ಮೊಡೆನಾ ಕೂಡ ಕ್ಯಾಥೊಲಿಕ್. ಅವರ ಹಿಂದಿನ ಮಕ್ಕಳು ಉಳಿದಿರಲಿಲ್ಲ. ಈಗ ಗಂಡು ವಾರಸುದಾರ ಬಂದರೆ ಸಿಂಹಾಸನ ಕ್ಯಾಥೊಲಿಕ್ಕರ ಕೈಯಲ್ಲೇ ಉಳಿಯುತ್ತದೆ ಅಂತ ಪ್ರೊಟೆಸ್ಟೆಂಟರಿಗೆ ಭಯ. ಸರಿ, ಊರೆಲ್ಲ ಸುದ್ದಿ ಹಬ್ಬಿತು: ರಾಣಿ ಹೆತ್ತೇ ಇಲ್ಲ, ಯಾರದೋ ಕೂಸನ್ನು ಹಾಸಿಗೆ ಕಾಯಿಸುವ ಬಾಣಲೆಯಲ್ಲಿ ಮುಚ್ಚಿ ಒಳಗೆ ತಂದರು ಅಂತ. ಬಾಣಲೆ ಯಾವ ಬಾಗಿಲಿನಿಂದ ಯಾವ ಕೋಣೆ ಹಾದು ಬಂತು ಅಂತ ತೋರಿಸುವ ಅರಮನೆಯ ನಕ್ಷೆಯನ್ನೂ ಅಚ್ಚು ಹಾಕಿಸಿದರು. ಅಕ್ಟೋಬರಿನಲ್ಲಿ ರಾಜ ತನ್ನ ಸಭೆ ಸೇರಿಸಿ, ಹೆರಿಗೆಯ ಹೊತ್ತಿಗೆ ಅಲ್ಲಿದ್ದ ಹತ್ತಾರು ಜನರ ಸಾಕ್ಷಿ ಹೇಳಿಸಬೇಕಾಯಿತು. ಆದರೂ ಎಷ್ಟೋ ಜನ ನಂಬಲಿಲ್ಲ. ನವೆಂಬರ್ 5ರಂದು ರಾಜನ ಪ್ರೊಟೆಸ್ಟೆಂಟ್ ಅಳಿಯ, ಆರೆಂಜಿನ ವಿಲಿಯಂ, ಸೈನ್ಯದ ಜೊತೆ ಬಂದಿಳಿದ. ವರ್ಷ ಮುಗಿಯುವ ಮೊದಲೇ ಜೇಮ್ಸ್ ಫ್ರಾನ್ಸಿಗೆ ಓಡಿಹೋದ.

ಒಂದು ಅಡಿ ಅಗಲ, ಮೂರ್ನಾಲ್ಕು ಇಂಚು ಆಳ ಅಂದೆನಲ್ಲ, ಅದರಲ್ಲಿ ಆಗ ತಾನೇ ಹುಟ್ಟಿದ ಮಗುವನ್ನು ಇಟ್ಟು ಮುಚ್ಚಳ ಹಾಕಲು ಆಗುತ್ತದೋ ನೀವೇ ಯೋಚಿಸಿ. ಅಂಥ ಬಾಣಲೆ ಇಂಗ್ಲೆಂಡಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ. ಕೊಳ್ಳುವುದಾದರೆ ಗೋಡೆಗೆ ನೇತುಹಾಕಲು ಮಾತ್ರ ಕೊಳ್ಳಿ. ಕೈಯಲ್ಲಿ ಎತ್ತಿದಾಗ ಹಗುರವಾಗಿ, ತಗಡು ತೆಳ್ಳಗಿದ್ದರೆ ಅದು ಅಲಂಕಾರಕ್ಕೆಂದೇ ಮಾಡಿದ ಇತ್ತೀಚಿನ ಮಾಲು ಆಗಿರುವ ಸಾಧ್ಯತೆ ಜಾಸ್ತಿ.

ಜೊತೆಗೇ ಉಳಿಯುವ ಕೆಂಡ

ಬಾಣಲೆಯ ಒಳ್ಳೆಯ ಗುಣ ಅಂದರೆ ಅದು ಹೊರಗೆ ಹೋಗುತ್ತಿತ್ತು. ಹೊರಗೆ ಹೋಗದ ಕೆಂಡಗಳೂ ಇದ್ದವು. ಇಟಲಿ, ಫ್ರಾನ್ಸಿನ ಹಳ್ಳಿಗಳಲ್ಲಿ ಹೊದಿಕೆ ಮೇಲೆತ್ತಿ ಹಿಡಿಯುವ ಮರದ ಚೌಕಟ್ಟನ್ನು ಹಾಸಿಗೆಯೊಳಗಿಟ್ಟು, ಅದರ ನಡುವೆ ಕೆಂಡದ ಮಡಕೆ ಕೂರಿಸುತ್ತಿದ್ದರು. ನೆದರ್‌ಲ್ಯಾಂಡ್ಸಿನಲ್ಲಿ ತೂತು ಕೊರೆದ ಸಣ್ಣ ಮರದ ಪೆಟ್ಟಿಗೆಯೊಳಗೆ ಕೆಂಡದ ಬಟ್ಟಲಿಟ್ಟು, ಮೇಲೆ ಕಾಲಿಟ್ಟು ಕೂರುತ್ತಿದ್ದರು. ವರ್ಮೀರ್ ಸುಮಾರು 1658ರಲ್ಲಿ ಬಿಡಿಸಿದ ಹಾಲು ಸುರಿಯುವ ಹೆಂಗಸಿನ ಚಿತ್ರ ನೋಡಿದ್ದರೆ, ಬಲಗಡೆ ಹಿಂದೆ ನೆಲದ ಮೇಲೆ ಅಂಥ ಪೆಟ್ಟಿಗೆ ಕಾಣುತ್ತದೆ.

ನಮ್ಮ ದೇಶದಲ್ಲಿ ಇದರ ಅತಿ ಪ್ರಸಿದ್ಧ ರೂಪ ಕಾಶ್ಮೀರದ ಕಾಂಗ್ಡಿ. ತೆಳು ಕಡ್ಡಿಗಳಿಂದ ಹೆಣೆದ ಬುಟ್ಟಿಯೊಳಗೆ ಮಣ್ಣಿನ ಕುಡಿಕೆ, ಅದರಲ್ಲಿ ಇದ್ದಿಲಿನ ಕೆಂಡ. ಚರಾರ್-ಎ-ಶರೀಫಿನ ಬುಟ್ಟಿಗಳಿಗೆ ಹೆಸರು ಜಾಸ್ತಿ. ಮೊಣಕಾಲಿನವರೆಗೆ ಬರುವ ಫೆರನ್ ನಿಲುವಂಗಿಯ ಒಳಗೆ ಹೊಟ್ಟೆಯ ಹತ್ತಿರ ಹಿಡಿದುಕೊಂಡೇ ಓಡಾಡುತ್ತಾರೆ. ಅದರ ಬೆಲೆಯೂ ಗೊತ್ತಾಗಿದೆ. ಕಾಶ್ಮೀರದಲ್ಲಿ ಕೆಲಸ ಮಾಡುತ್ತಿದ್ದ ಮಿಷನ್ ವೈದ್ಯ ಎಲ್ಮ್ಸ್ಲಿ 1866ರಲ್ಲೇ ಬರೆದಿಟ್ಟಿದ್ದಾನೆ: ವರ್ಷಗಟ್ಟಲೆ ಕಾವು ತಾಗಿದ ಹೊಟ್ಟೆ, ತೊಡೆಯ ಚರ್ಮದಲ್ಲಿ ಒಂದು ಬಗೆಯ ಕ್ಯಾನ್ಸರ್ ಬರುತ್ತದೆ ಅಂತ. ವೈದ್ಯರು ಅದಕ್ಕೆ ಇಂದಿಗೂ ಕಾಂಗ್ಡಿ ಕ್ಯಾನ್ಸರ್ ಅಂತಲೇ ಹೇಳುತ್ತಾರೆ.

ಅದಕ್ಕೂ ಮೊದಲು ಚರ್ಮದ ಮೇಲೆ ಬಲೆಯ ಹಾಗೆ ಕಂದು ಗೆರೆಗಳು ಮೂಡುತ್ತವೆ. ಇದು ಕೆಂಡಕ್ಕೆ ಮಾತ್ರ ಸೇರಿದ್ದಲ್ಲ. ಬೆನ್ನುನೋವು, ಮುಟ್ಟಿನ ನೋವು ಅಂತ ದಿನಾ ಒಂದೇ ಜಾಗಕ್ಕೆ ಬಿಸಿನೀರಿನ ಚೀಲ ಒತ್ತಿಕೊಳ್ಳುವವರಲ್ಲೂ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವವರಲ್ಲೂ ಅದೇ ಗೆರೆ ಬರುತ್ತದೆ. ಅಂಥದ್ದು ಕಂಡರೆ ಶಾಖ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಕರ್ನಾಟಕದ ಮನೆಗಳಲ್ಲಿ ಬಾಣಂತಿಯ ಮಂಚದ ಹತ್ತಿರ ಅಗ್ಗಿಷ್ಟಿಕೆ ಇಡುವ ರೂಢಿ ಇದೆ. ಹೆಂಚಿನ ಮನೆಯಲ್ಲಿ, ಸಂದುಗಳಲ್ಲಿ ಗಾಳಿ ಆಡುವ ಕಡೆ ಇದು ಹೇಗೋ ನಡೆದುಕೊಂಡು ಬಂತು. ಆರ್‌ಸಿಸಿ ಛಾವಣಿ, ಗಾಜಿನ ಕಿಟಕಿ ಬಿಗಿಯಾಗಿ ಮುಚ್ಚಿದ ಬೆಡ್‌ರೂಮಿನಲ್ಲಿ ಅದೇ ಅಗ್ಗಿಷ್ಟಿಕೆ ಯಮ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಹೊಗೆ ಕಾಣುತ್ತಿಲ್ಲ ಅಂದರೆ ಅಪಾಯ ಇಲ್ಲ ಅಂತಲ್ಲ. ಉತ್ತರ ಭಾರತದಲ್ಲಿ ಅಂಗೀಠಿ ಇಟ್ಟುಕೊಂಡು ಮಲಗಿದ ಮನೆಮಂದಿ ಬೆಳಿಗ್ಗೆ ಏಳಲೇ ಇಲ್ಲ ಅನ್ನುವ ಸುದ್ದಿ ಪ್ರತಿ ಚಳಿಗಾಲದಲ್ಲೂ ಬರುತ್ತದೆ. ಕೆಂಡದ ವಿಷಯದಲ್ಲಿ ಹೋಲಿಕೆ ಇಲ್ಲಿಗೇ ಮುಗಿಯಿತು. ಮಲಗುವ ಕೋಣೆಗೆ ಯಾವ ರೂಪದಲ್ಲೂ ಬೇಡ. ಹಿರಿಯರು ಪಟ್ಟು ಹಿಡಿದರೆ ಹಗಲು ಹೊತ್ತು, ಬಾಗಿಲು ಕಿಟಕಿ ತೆರೆದು, ಯಾರಾದರೂ ಎಚ್ಚರ ಇರುವಾಗ.

ಕಲ್ಲು, ಇಟ್ಟಿಗೆ, ಉಪ್ಪಿನ ಗಂಟು

ಬಾಣಲೆ ಕೊಳ್ಳುವ ಶಕ್ತಿ ಇಲ್ಲದವರು ಇಟ್ಟಿಗೆ ಕಾಯಿಸಿ ಬಟ್ಟೆಯಲ್ಲಿ ಸುತ್ತಿ ಹಾಸಿಗೆಯೊಳಗೆ ಇಡುತ್ತಿದ್ದರು. ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ ಬಳಪದ ಕಲ್ಲಿನ ಚಪ್ಪಡಿಗೆ ತಂತಿಯ ಹಿಡಿ ಹಾಕಿ ಇದಕ್ಕೆಂದೇ ಮಾರುತ್ತಿದ್ದರು. ಬಳಪದ ಕಲ್ಲು ಬಿಸಿಗೆ ಸುಲಭಕ್ಕೆ ಸೀಳುವುದಿಲ್ಲ, ಕಾವನ್ನು ನಿಧಾನವಾಗಿ ಬಿಡುತ್ತದೆ. ಸ್ವಿಟ್ಜರ್ಲೆಂಡ್, ಜರ್ಮನಿಯಲ್ಲಿ ಚೆರಿ ಹಣ್ಣಿನ ಬೀಜ ತುಂಬಿದ ದಿಂಬು ಇಂದಿಗೂ ಬಳಕೆಯಲ್ಲಿದೆ. ಅಲ್ಲಿರುವ ಕನ್ನಡಿಗರಿಗೆ ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ಓವನ್ನಿನಲ್ಲೋ ಮೈಕ್ರೊವೇವಿನಲ್ಲೋ ಕಾಯಿಸಿ ಕುತ್ತಿಗೆಗೆ ಹಾಕಿಕೊಳ್ಳುತ್ತಾರೆ. ನಮ್ಮಲ್ಲಿ ಉಪ್ಪನ್ನೋ ಮರಳನ್ನೋ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುವುದೂ ಇದೇ ಜಾತಿಗೆ ಸೇರಿದ್ದು.

ಇವುಗಳ ಮಿತಿ ತಿಳಿಯಲು ಸ್ವಲ್ಪ ಲೆಕ್ಕ ಮಾಡೋಣ. ಮೂರು ಕಿಲೋ ಇಟ್ಟಿಗೆ 70 ಡಿಗ್ರಿಯಿಂದ 35 ಡಿಗ್ರಿಗೆ ಇಳಿಯುವಾಗ ಸುಮಾರು 90 ಕಿಲೋಜೂಲ್ ಶಾಖ ಬಿಡುತ್ತದೆ. ಎರಡು ಲೀಟರ್ ನೀರು ಅಷ್ಟೇ ಇಳಿದರೆ ಸುಮಾರು 290 ಕಿಲೋಜೂಲ್. ತೂಕ ಕಡಿಮೆ, ಶಾಖ ಮೂರು ಪಟ್ಟು. ಇಟ್ಟಿಗೆಯಿಂದ ನೀರಿನಷ್ಟೇ ಕಾವು ಬೇಕೆಂದರೆ ಅದನ್ನು 150 ಡಿಗ್ರಿ ಹತ್ತಿರ ಕಾಯಿಸಬೇಕು. ಹಾಗೆ ಕಾಯಿಸಿದ್ದನ್ನು ಬಟ್ಟೆಯಲ್ಲಿ ಸುತ್ತಿ ಹಾಸಿಗೆಯಲ್ಲಿಟ್ಟರೆ ಬಟ್ಟೆಯ ಗತಿ ಏನು? ನೀರಿಗೆ ಇರುವ ದೊಡ್ಡ ಗುಣ ಇದು. ತೆರೆದ ಪಾತ್ರೆಯಲ್ಲಿ ಕಾಯಿಸುವಾಗ ನೀವು ಎಷ್ಟೇ ಮೈಮರೆತರೂ ಅದು 100 ಡಿಗ್ರಿ ದಾಟುವುದಿಲ್ಲ. ಇಟ್ಟಿಗೆಗೆ, ಉಪ್ಪಿಗೆ, ಚೆರಿ ಬೀಜಕ್ಕೆ ಅಂಥ ಮಿತಿ ಇಲ್ಲ. ಬೀಜದ ದಿಂಬನ್ನು ಮೈಕ್ರೊವೇವಿನಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಹೊತ್ತು ಬಿಟ್ಟರೆ ಒಳಗೇ ಕರಕಲಾಗಿ ಬೆಂಕಿ ಹೊತ್ತಿಕೊಳ್ಳುವುದೂ ಉಂಟು.

ಹಾಗಂತ ಇವು ಬೇಡ ಅನ್ನುತ್ತಿಲ್ಲ. ಮಂಡಿಗೆ, ಭುಜಕ್ಕೆ ಕಾಲು ಗಂಟೆ ಶಾಖ ಕೊಡಲು ಉಪ್ಪಿನ ಗಂಟಿನಷ್ಟು ಹದವಾದದ್ದು ಇನ್ನೊಂದಿಲ್ಲ. ಮೈಯ ಉಬ್ಬುತಗ್ಗಿಗೆ ಕೂರುತ್ತದೆ, ಸೋರುವ ಭಯ ಇಲ್ಲ. ರಾತ್ರಿಯಿಡೀ ಹಾಸಿಗೆ ಬೆಚ್ಚಗಿಡುವ ಕೆಲಸ ಮಾತ್ರ ಅದರಿಂದ ಆಗದು.

ನೀರು: ಲೋಹ ಮತ್ತು ಮಣ್ಣು

ಚೀನಾದವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. 11ನೇ ಶತಮಾನದ ಸುಂಗ್ ಕಾಲದ ಕವಿ ಹುವಾಂಗ್ ತಿಂಗ್‌ಜಿಯಾನ್ ತನ್ನ ಕಾಲು ಬೆಚ್ಚಗಿಡುವ ಬಿಸಿನೀರಿನ ಪಾತ್ರೆಯ ಮೇಲೆ ತಮಾಷೆಯ ಪದ್ಯಗಳನ್ನೇ ಬರೆದಿದ್ದಾನೆ. ಇದಕ್ಕೆ ಊಟ ಹಾಕಬೇಕಾಗಿಲ್ಲ, ಒಂದು ಬಟ್ಟೆ ಸುತ್ತಿದರೆ ಸಾಕು, ಬೆಳಗಾದ ಮೇಲೆ ಒಳಗಿನ ನೀರು ಸುರಿದುಕೊಂಡರೆ ಮುಖ ತೊಳೆಯುವಷ್ಟು ಬಿಸಿ ಇನ್ನೂ ಉಳಿದಿರುತ್ತದೆ ಅನ್ನುವುದು ಅದರ ಸಾರ. ಇವತ್ತು ಯಾವ ಕಂಪನಿಯ ಜಾಹೀರಾತೂ ಇದಕ್ಕಿಂತ ಚೆನ್ನಾಗಿ ಹೇಳಲಾರದು.

ಚೀನಾದಿಂದ ಈ ಪಾತ್ರೆ ಜಪಾನಿಗೆ ಹೋಯಿತು. ಅಲ್ಲಿ ಯುತಾನ್ಪೊ ಅನ್ನುತ್ತಾರೆ. ಮೈಮೇಲೆ ಅಲೆ ಅಲೆಯಾಗಿ ಏರಿಳಿತ ಇರುವ ಮೊಟ್ಟೆಯಾಕಾರದ ತಗಡಿನ ಪಾತ್ರೆ ಅದು. ಆ ಅಲೆಗಳಿಂದ ತಗಡಿಗೆ ಗಟ್ಟಿತನ ಬರುತ್ತದೆ, ಕಾವು ಹೊರಬರುವ ಮೈಯೂ ಜಾಸ್ತಿ ಸಿಗುತ್ತದೆ. ಲೋಹದ್ದಾದರೆ ನೇರ ಒಲೆಯ ಮೇಲಿಟ್ಟೇ ಕಾಯಿಸಬಹುದು, ಆದರೆ ಬಿರಡೆ ತೆಗೆದಿರಬೇಕು. ಮುಚ್ಚಿ ಒಲೆಯ ಮೇಲಿಟ್ಟರೆ ಅದು ಪಾತ್ರೆಯಲ್ಲ, ಬಾಂಬು.

ಯುರೋಪಿನಲ್ಲಿ ತಾಮ್ರ, ತವರದ ನೀರಿನ ಪಾತ್ರೆಗಳಿದ್ದವು. ಆದರೆ 19ನೇ ಶತಮಾನದ ಬ್ರಿಟನ್ನಿನಲ್ಲಿ ಸಾಮಾನ್ಯ ಜನರ ಮನೆಗೆ ಹೋದದ್ದು ಮಣ್ಣಿನದ್ದು. ಲಂಡನ್ನಿನ ಲ್ಯಾಂಬೆತ್‌ನಲ್ಲಿದ್ದ ಡೌಲ್ಟನ್, ಡರ್ಬಿಶೈರಿನ ಡೆನ್‌ಬಿ ಮುಂತಾದ ಕಾರ್ಖಾನೆಗಳು ಇವನ್ನು ರಾಶಿ ರಾಶಿ ಮಾಡಿದವು. ಮಣ್ಣು ಅಂದರೆ ಕುಂಬಾರನ ಕೆಂಪು ಮಡಕೆಯಲ್ಲ. ನಮ್ಮ ಉಪ್ಪಿನಕಾಯಿ ಭರಣಿ ಮಾಡುವ ಗಟ್ಟಿ ಮಣ್ಣು, ಹೊರಗೆ ಹೊಳಪಿನ ಲೇಪ, ಮೇಲೆ ತಿರುಪಿನ ಬಿರಡೆ. ಕೆಳಗೆ ಚಪ್ಪಟೆ, ಹಾಗಾಗಿ ಉರುಳುವುದಿಲ್ಲ.

ಇದರ ಸ್ವಭಾವ ನಿಧಾನ. ಗೋಡೆ ದಪ್ಪ ಇರುವುದರಿಂದ ಬಿಸಿಯಾಗಲೂ ಹೊತ್ತು ಬೇಕು, ಆರಲೂ ಹೊತ್ತು ಬೇಕು. ತೊಂದರೆ ಎರಡು. ನಿದ್ದೆಯಲ್ಲಿ ಕಾಲು ಬೆರಳು ಬಡಿದರೆ ನಕ್ಷತ್ರ ಕಾಣುತ್ತದೆ. ಮಂಚದಿಂದ ಬಿದ್ದರೆ ನೆಲವೂ ಹೋಯಿತು, ಅದೂ ಹೋಯಿತು. ಆದರೆ ಹಾಸಿಗೆಯ ಕಾಲಿನ ಕಡೆ ಇಟ್ಟು ಕಾಯಿಸಲು ಇದು ಇವತ್ತಿಗೂ ಒಳ್ಳೆಯ ಸಾಮಾನು. ಬ್ರಿಟನ್ನಿನಲ್ಲಿರುವವರಿಗೆ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕರೆ ಬಿರಡೆಯ ರಬ್ಬರ್ ವಾಷರ್ ನೋಡಿ. ಒಣಗಿ ಬಿರುಕು ಬಿಟ್ಟಿದ್ದರೆ ಬದಲಿಸದೆ ಬಳಸಬೇಡಿ. ಮೈಯಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ಹೂದಾನಿ ಮಾಡಿಕೊಳ್ಳಿ, ಬಿಸಿನೀರು ಹಾಕಬೇಡಿ.

ರಬ್ಬರ್ ಚೀಲ

ರಬ್ಬರ್ ಬಂದ ಮೇಲೆ ಇದೆಲ್ಲ ಹಿಂದೆ ಸರಿಯಿತು. ಕಚ್ಚಾ ರಬ್ಬರ್ ಬಿಸಿಗೆ ಅಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ಗಂಧಕ ಸೇರಿಸಿ ಕಾಯಿಸಿದರೆ ಎರಡಕ್ಕೂ ತಡೆದುಕೊಳ್ಳುತ್ತದೆ ಅಂತ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಅದಿಲ್ಲದಿದ್ದರೆ ರಬ್ಬರಿನೊಳಗೆ ಬಿಸಿನೀರು ಹಾಕುವ ಯೋಚನೆಯೇ ಸಾಧ್ಯ ಇರಲಿಲ್ಲ. 1903ರಲ್ಲಿ ಕ್ರೊಯೇಷಿಯಾದ ಜಾಗ್ರೆಬ್ ಊರಿನ ಎಡುವರ್ಡ್ ಪೆಂಕಾಲಾ ಇಂಥ ಚೀಲಕ್ಕೆ ಪೇಟೆಂಟ್ ಪಡೆದ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅದರ ಹೆಸರು ಟರ್ಮೊಫೋರ್. ಲೆಡ್ ಪೆನ್ಸಿಲ್ ಬಳಸುವವರಿಗೂ ಈತ ಬೇಕಾದವನೇ, 1906ರಲ್ಲಿ ಕೆತ್ತಬೇಕಿಲ್ಲದ ಒಂದು ಬಗೆಯ ಪೆನ್ಸಿಲ್ಲಿಗೆ ಪೇಟೆಂಟ್ ಪಡೆದವನೂ ಇವನೇ. ಆದರೆ 19ನೇ ಶತಮಾನದ ಕೊನೆಗಾಗಲೇ ರಬ್ಬರಿನ ನೀರಿನ ಚೀಲಗಳು ಮಾರಾಟಕ್ಕಿದ್ದವು. ಹಾಗಾಗಿ ಎಲ್ಲ ಕೀರ್ತಿಯನ್ನೂ ಒಬ್ಬನ ತಲೆಗೆ ಕಟ್ಟುವುದು ಬೇಡ.

ಎರಡನೇ ಮಹಾಯುದ್ಧದಲ್ಲಿ ಒಂದು ವಿಚಿತ್ರ ನಡೆಯಿತು. 1942ರಲ್ಲಿ ಜಪಾನ್ ರಬ್ಬರ್ ತೋಟಗಳಿದ್ದ ಮಲಯಾವನ್ನು ಹಿಡಿದ ಮೇಲೆ ಬ್ರಿಟನ್ನಿಗೆ ರಬ್ಬರ್ ಸಿಗುವುದು ಕಷ್ಟವಾಯಿತು. ಅಲ್ಲಿನ ಜನ ಅಟ್ಟದ ಮೇಲಿದ್ದ ಮಣ್ಣಿನ ಬಾಟಲಿ ಕೆಳಗಿಳಿಸಿದರು. ಅತ್ತ ಜಪಾನಿನಲ್ಲಿ ಲೋಹವೆಲ್ಲ ಯುದ್ಧಕ್ಕೆ ಹೋಗುತ್ತಿತ್ತು, ತಗಡಿನ ಯುತಾನ್ಪೊ ಬದಲು ಅವರೂ ಮಣ್ಣಿನದ್ದನ್ನೇ ಸುಟ್ಟು ಮಾಡಿದರು. ಎದುರಾಳಿಗಳಿಬ್ಬರೂ ಹಾಸಿಗೆಯಲ್ಲಿ ಮಾತ್ರ ಒಂದೇ ಸಾಮಾನಿಗೆ ಮರಳಿದರು.

ಈಗ ಕೊಳ್ಳುವ ವಿಷಯ. ನಮ್ಮ ಮೆಡಿಕಲ್ ಶಾಪಿನಲ್ಲಿ ಹಾಟ್ ವಾಟರ್ ಬ್ಯಾಗ್ ಅಂತ ಕೇಳಿದರೆ ಕೊಡುವುದು ಇದನ್ನೇ. ಬೆಲೆ ನೋಡುವ ಮೊದಲು ಕೈಯಲ್ಲಿ ಹಿಡಿದು ಕುತ್ತಿಗೆಯ ಹತ್ತಿರ, ಅಂಚಿನ ಜೋಡಣೆಯ ಹತ್ತಿರ ಮಡಚಿ ನೋಡಿ. ಸಣ್ಣ ಸಣ್ಣ ಬಿರುಕಿನ ಗೆರೆ ಎದ್ದರೆ ವಾಪಸ್ ಕೊಡಿ. ಅಂಗಡಿಯಲ್ಲೇ ವರ್ಷಗಟ್ಟಲೆ ಕೂತ ಚೀಲ ಹೊಸದಾಗಿ ಕಂಡರೂ ಹಳೆಯದೇ.

ವಯಸ್ಸು ತಿಳಿಯಲು ಒಂದು ದಾರಿ ಇದೆ. ಬ್ರಿಟಿಷ್ ಮಾನದಂಡಕ್ಕೆ ಮಾಡಿದ ಚೀಲದ ಕುತ್ತಿಗೆಯ ಹತ್ತಿರ ಬಿಎಸ್ 1970 ಅಂತ ಅಚ್ಚು ಇರುತ್ತದೆ. ಅದು ಇಸವಿ ಅಲ್ಲ, ಮಾನದಂಡದ ನಂಬರು. ಅಜ್ಜನ ಕಾಲದ ಮಾಲು ಅಂದುಕೊಂಡು ಬಿಟ್ಟು ಬರಬೇಡಿ. ಅದರ ಹತ್ತಿರವೇ ಸಣ್ಣ ಹೂವಿನ ಗುರುತು ಇರುತ್ತದೆ. ಹೂವಿನ ನಡುವೆ ಇರುವುದು ತಯಾರಾದ ವರ್ಷ: 23 ಅಂತಿದ್ದರೆ 2023. ಸುತ್ತ 12 ದಳ, ಒಂದೊಂದು ದಳ ಒಂದೊಂದು ತಿಂಗಳು. ದಳದೊಳಗಿನ ಚುಕ್ಕೆಗಳು ವಾರಗಳು. ಐದು ದಳಗಳಲ್ಲಿ ಚುಕ್ಕೆ ಇದ್ದು ಆರನೆಯದು ಖಾಲಿ ಇದ್ದರೆ ಮೇ ತಿಂಗಳಲ್ಲಿ ಆದದ್ದು. ಸುಮಾರು ಎರಡು ವರ್ಷ ಬಳಸಿದ ಮೇಲೆ ಬದಲಿಸಿ ಅನ್ನುವುದು ಅಲ್ಲಿನ ಸಲಹೆ. ನಮ್ಮಲ್ಲಿ ಸಿಗುವ ಎಷ್ಟೋ ಚೀಲಗಳ ಮೇಲೆ ಇಂಥ ಗುರುತೇ ಇರುವುದಿಲ್ಲ. ಕೊಂಡ ದಿನವೇ ಪರ್ಮನೆಂಟ್ ಮಾರ್ಕರಿನಲ್ಲಿ ತಾರೀಖು ಬರೆದಿಡಿ, ಸಾಕು.

ತುಂಬುವಾಗ ಕುದಿಯುವ ನೀರು ಬೇಡ. ಕುದಿದ ನೀರು ರಬ್ಬರನ್ನು ಬೇಗ ಹಾಳು ಮಾಡುತ್ತದೆ, ಕೈಗೂ ಚಿಮ್ಮುತ್ತದೆ. ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತು ಬಿಡಿ, ಇಲ್ಲ ಮೊದಲು ಒಂದಿಷ್ಟು ತಣ್ಣೀರು ಹಾಕಿಕೊಳ್ಳಿ. ಚೀಲವನ್ನು ಕುತ್ತಿಗೆಯಲ್ಲಿ ನೆಟ್ಟಗೆ ಹಿಡಿದು ಮೂರರಲ್ಲಿ ಎರಡು ಭಾಗ ಮಾತ್ರ ತುಂಬಿ. ಆಮೇಲೆ ಮೆಲ್ಲಗೆ ಓರೆ ಮಾಡಿ, ನೀರು ಬಾಯಿಯ ಹತ್ತಿರ ಕಾಣುವವರೆಗೆ ಗಾಳಿ ಹೊರಗೆ ಬಿಡಿ, ಬಿರಡೆ ತಿರುಗಿಸಿ. ಸಿಂಕಿನ ಮೇಲೆ ತಲೆಕೆಳಗೆ ಹಿಡಿದು ಸೋರುತ್ತದೋ ನೋಡಿ. ಕವರ್ ಇಲ್ಲದಿದ್ದರೆ ಟವೆಲ್ ಸುತ್ತಿ. ಚೀಲದ ಮೇಲೆ ಮಲಗುವುದು, ಕೂರುವುದು ಬೇಡ, ಒಡೆಯುವುದು ಆಗಲೇ.

ಖರ್ಚಿನಲ್ಲಿ ಇದನ್ನು ಮೀರಿಸುವುದು ಕಷ್ಟ. ಎರಡು ಲೀಟರ್ ನೀರನ್ನು 20ರಿಂದ 70 ಡಿಗ್ರಿಗೆ ಕಾಯಿಸಲು ಯೂನಿಟ್ಟಿನ ಎಂಟನೇ ಒಂದು ಭಾಗದಷ್ಟು ಕರೆಂಟೂ ಬೇಡ. ಬೆಂಗಳೂರಿನ ದರದಲ್ಲಿ ಒಂದು ರೂಪಾಯಿಯೊಳಗೆ. 2022ರ ಚಳಿಗಾಲದಲ್ಲಿ ಯುರೋಪಿನಲ್ಲಿ ಗ್ಯಾಸ್, ಕರೆಂಟ್ ಬಿಲ್ ಏರಿದಾಗ ಜನ ಮತ್ತೆ ಈ ಚೀಲದ ಕಡೆ ತಿರುಗಿದ್ದು ಸುಮ್ನೆ ಅಲ್ಲ.

ಕರೆಂಟಿನವು

1912ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ರಸೆಲ್ ಕರೆಂಟಿನಿಂದ ಕಾಯುವ ಹಾಸನ್ನು ಮಾಡಿದ ಅನ್ನುತ್ತಾರೆ. ಆಮೇಲೆ ಇಂಥವು ಕ್ಷಯರೋಗದ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದವು. ಶುದ್ಧ ಗಾಳಿಗಾಗಿ ರೋಗಿಗಳನ್ನು ಚಳಿಯಲ್ಲಿ ಹೊರಗೆ ಮಲಗಿಸುತ್ತಿದ್ದ ಕಾಲ ಅದು.

ಈಗ ಎರಡು ಬಗೆ ಸಿಗುತ್ತದೆ: ಹಾಸುವುದು, ಹೊದೆಯುವುದು. ಹಾಸುವುದೇ ಮೇಲು. ಬಟ್ಟೆಯ ತೇವ ಒಣಗಿಸುವ ಕೆಲಸವನ್ನು ಕೆಂಡದ ಬಾಣಲೆಯ ನಂತರ ಸರಿಯಾಗಿ ಮಾಡುವುದು ಇದೊಂದೇ. ರಬ್ಬರ್ ಚೀಲ ತಾನು ಇದ್ದ ಜಾಗ ಮಾತ್ರ ಕಾಯಿಸುತ್ತದೆ. 100 ವಾಟಿನ ಬ್ಲಾಂಕೆಟ್ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಒಂದು ಚೀಲದಷ್ಟು ಶಾಖವನ್ನು ಇಡೀ ಹಾಸಿಗೆಗೆ ಹರಡುತ್ತದೆ. ಸಕಲೇಶಪುರ, ತೀರ್ಥಹಳ್ಳಿ, ಮಡಿಕೇರಿಯ ಮಳೆಗಾಲಕ್ಕೆ ನಾನು ಹೇಳುವುದು ಇದನ್ನೇ. ಮಲಗುವ ಅರ್ಧ ಗಂಟೆ ಮುಂಚೆ ಹಾಕಿ, ಒಳಗೆ ಹೋಗುವಾಗ ಸ್ವಿಚ್ ಆಫ್ ಮಾಡಿ. ಮಡಚಿ ಇಡಬೇಡಿ, ಸುರುಳಿ ಸುತ್ತಿ ಇಡಿ. ಮಡಚಿದರೆ ಒಳಗಿನ ತಂತಿ ತುಂಡಾಗುತ್ತದೆ. ಇದರ ಜೊತೆ ನೀರಿನ ಚೀಲ ಬಳಸುವ ಆಸೆ ಬೇಡ, ಸೋರಿದರೆ ನೀರೂ ಕರೆಂಟೂ ಒಂದೇ ಹಾಸಿಗೆಯಲ್ಲಿ.

ಇನ್ನು ಮಕಮಲ್ ಬಟ್ಟೆಯ, ಪ್ಲಗ್ ಹಾಕಿದರೆ ಹತ್ತು ಹದಿನೈದು ನಿಮಿಷದಲ್ಲಿ ಬಿಸಿಯಾಗುವ ಚೀಲ. ನೀರು ತುಂಬುವ ಕೆಲಸ ಇಲ್ಲ, ಅದಕ್ಕೇ ಇಷ್ಟೊಂದು ಮಾರಾಟ. ನನ್ನ ಪಟ್ಟಿಯಲ್ಲಿ ಇದಕ್ಕೆ ಕೊನೆಯ ಸ್ಥಾನ. ಅಗ್ಗದ ಚೀಲಗಳಲ್ಲಿ ಎರಡು ಲೋಹದ ಕಡ್ಡಿಗಳಿದ್ದು, ಕರೆಂಟ್ ನೇರವಾಗಿ ಒಳಗಿನ ನೀರಿನಲ್ಲೇ ಹರಿಯುತ್ತದೆ. ತಾನಾಗಿ ಆಫ್ ಆಗುವ ಸ್ವಿಚ್ ಕೈಕೊಟ್ಟರೆ ಒಳಗೆ ಆವಿ ತುಂಬಿ ಚೀಲ ಉಬ್ಬುತ್ತದೆ. ಮನೆಯಲ್ಲಿ ಈಗಾಗಲೇ ಇದ್ದರೆ ಟೇಬಲ್ಲಿನ ಮೇಲೋ ನೆಲದ ಮೇಲೋ ಚಾರ್ಜ್ ಮಾಡಿ. ಪ್ಲಗ್ಗಿನಲ್ಲಿರುವಾಗ ಮುಟ್ಟಬೇಡಿ, ಮಡಿಲಲ್ಲಂತೂ ಇಟ್ಟುಕೊಳ್ಳಲೇಬೇಡಿ.

ಜೇಬಿಗೆ ಹಾಕುವ ಸಣ್ಣ ಪ್ಯಾಕುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಳಗಿನ ತಗಡು ಟಕ್ ಅಂತ ಒತ್ತಿದರೆ ಗಟ್ಟಿಯಾಗಿ ಬಿಸಿಯಾಗುವುದು ಸೋಡಿಯಂ ಅಸಿಟೇಟ್. 58 ಡಿಗ್ರಿ ದಾಟುವುದಿಲ್ಲ, ಕುದಿನೀರಿನಲ್ಲಿ ಹಾಕಿದರೆ ಮತ್ತೆ ದ್ರವವಾಗುತ್ತದೆ. ಕವರ್ ಹರಿದ ಕೂಡಲೇ ಬಿಸಿಯಾಗುವುದು ಕಬ್ಬಿಣದ ಪುಡಿ ತುಕ್ಕು ಹಿಡಿಯುವುದರಿಂದ. ಜಪಾನಿನಲ್ಲಿ 1978ರಿಂದ ಮನೆಮಾತು. ಪ್ರವಾಸಕ್ಕೆ ಚೆನ್ನ, ಹಾಸಿಗೆಗಲ್ಲ.

ಯಾರ ಹಾಸಿಗೆ?

ಯಾವುದು ಎಷ್ಟು ಬಿಸಿ ಅನ್ನುವುದರ ಜೊತೆಗೆ ಎಷ್ಟು ಹೊತ್ತು ಚರ್ಮಕ್ಕೆ ತಾಗಿತ್ತು ಅನ್ನುವುದೂ ಮುಖ್ಯ. 1947ರಲ್ಲಿ ಮೋರಿಟ್ಸ್ ಮತ್ತು ಹೆನ್ರಿಕ್ಸ್ ಅನ್ನುವ ಅಮೆರಿಕದ ಸಂಶೋಧಕರು ಇದನ್ನು ಅಳೆದು ತೋರಿಸಿದರು. 60 ಡಿಗ್ರಿಯಲ್ಲಿ ಕೆಲವೇ ಸೆಕೆಂಡಿಗೆ ಚರ್ಮ ಸುಡುತ್ತದೆ. ಬರೀ 44 ಡಿಗ್ರಿ ಇದ್ದರೂ ಸುಮಾರು ಆರು ಗಂಟೆ ತಾಗಿದ್ದರೆ ಸುಡುತ್ತದೆ. 44 ಅಂದರೆ ಕೈಗೆ ಹಿತವಾದ ಬಿಸಿ, ಆರು ಗಂಟೆ ಅಂದರೆ ಒಂದು ರಾತ್ರಿಯ ನಿದ್ದೆ. ಬೆಳಿಗ್ಗೆ ಎದ್ದಾಗ ಕಾಲಿನ ಮೇಲೆ ಗುಳ್ಳೆ ಬರುವುದು ಹೀಗೆ. ಜಪಾನಿನಲ್ಲಿ ಚಳಿಗಾಲ ಬಂತೆಂದರೆ ಇದರ ಬಗ್ಗೆಯೇ ಎಚ್ಚರಿಕೆ ಕೊಡುತ್ತಾರೆ.

ಸಕ್ಕರೆ ಕಾಯಿಲೆ ಇದ್ದು ಪಾದಕ್ಕೆ ಸ್ಪರ್ಶ ಕಡಿಮೆಯಾದವರಿಗೆ ಸುಡುತ್ತಿರುವುದೇ ಗೊತ್ತಾಗುವುದಿಲ್ಲ. ಅಪ್ಪ ಅಮ್ಮನ ಕಾಲು ತಣ್ಣಗಿದೆ ಅಂತ ಪ್ರೀತಿಯಿಂದ ಚೀಲ ಇಟ್ಟು ಹೋಗುವ ಮಕ್ಕಳು ಇದನ್ನು ನೆನಪಿಡಬೇಕು. ಮೊದಲು ಹಾಸಿಗೆ ಕಾಯಿಸಿ, ಚೀಲ ತೆಗೆಯಿರಿ, ಆಮೇಲೆ ಮಲಗಿಸಿ. ಕಾಲಿಗೆ ಉಣ್ಣೆಯ ಸಾಕ್ಸ್, ಮೇಲೆ ಒಂದು ಕಂಬಳಿಯೋ ಕೌದಿಯೋ ಹಾಕಿದರೆ ಬೆಳಗಿನವರೆಗೆ ಕಾವು ಉಳಿಯುತ್ತದೆ. ನಿದ್ದೆ ಮಾತ್ರೆ ತೆಗೆದುಕೊಳ್ಳುವವರಿಗೂ ಇದೇ ಮಾತು. ಎಳೆ ಕೂಸಿನ ಹಾಸಿಗೆಗೆ ಚೀಲವೂ ಬೇಡ, ಬ್ಲಾಂಕೆಟ್ಟೂ ಬೇಡ. ಬಾಣಂತಿಗೆ ಸೊಂಟಕ್ಕೆ ಶಾಖ ಬೇಕಿದ್ದರೆ ರಬ್ಬರ್ ಚೀಲ ಸಾಕು, ಆದರೆ ಮಗು ಪಕ್ಕದಲ್ಲಿ ಇಲ್ಲದಾಗ. ಸಿಸೇರಿಯನ್ ಆಗಿದ್ದರೆ ಹೊಲಿಗೆಯ ಹತ್ತಿರ ವೈದ್ಯರನ್ನು ಕೇಳದೆ ಯಾವ ಶಾಖವೂ ಬೇಡ.

ಬೆಂಗಳೂರಿನ ಡಿಸೆಂಬರಿಗೆ ಇಷ್ಟೆಲ್ಲ ಯೋಚಿಸಬೇಕಾಗಿಲ್ಲ. ಒಂದು ರಬ್ಬರ್ ಚೀಲ, ಮಲಗುವ ಹತ್ತು ನಿಮಿಷ ಮುಂಚೆ ರಗ್ಗಿನೊಳಗೆ, ಅಷ್ಟೇ. ಓದಲು ಲೀಡ್ಸಿಗೋ ಮ್ಯೂನಿಕ್ಕಿಗೋ ಹೊರಟ ಮಕ್ಕಳಿಗೂ ನಾನು ಇದನ್ನೇ ಹೇಳುತ್ತೇನೆ. ಬಾಡಿಗೆ ಮನೆಯಲ್ಲಿ ಹೀಟರ್ ರಾತ್ರಿ ಆಫ್ ಆಗುತ್ತದೆ, ಕರೆಂಟ್ ಬಿಲ್ ಹಂಚಿಕೊಳ್ಳುವುದರಲ್ಲಿ ಜಗಳ ಬೇರೆ. ಚೀಲಕ್ಕೆ ಕೆಟಲ್ ಇದ್ದರೆ ಸಾಕು. ಊರಿಂದ ಒಯ್ಯುವ ಅಗತ್ಯ ಇಲ್ಲ, ಅಲ್ಲೇ ಯಾವ ಔಷಧಿ ಅಂಗಡಿಯಲ್ಲಾದರೂ ಹೂವಿನ ಗುರುತು ಇರುವುದೇ ಸಿಗುತ್ತದೆ. ರೂಮ್‌ಮೇಟಿನ ಚೀಲದ ಬಿರಡೆಯನ್ನು ನಿಮ್ಮದಕ್ಕೆ ಹಾಕಿ ನೋಡಬೇಡಿ. ತಿರುಪು ಹೊಂದಿದ ಹಾಗೆ ಕಂಡರೂ ಮಧ್ಯರಾತ್ರಿ ಸಡಿಲವಾಗುತ್ತದೆ. ಬಿರಡೆ ಕಳೆದುಹೋಯಿತು ಅಂದರೆ ಹೊಸ ಚೀಲವನ್ನೇ ತನ್ನಿ.